ಬಸುರಿಯ ಸ್ಕ್ಯಾನಿನಲ್ಲಿ ದೊಡ್ಡ ಸಿಸ್ಟ್ ಕಂಡರೆ ಏನು ಮಾಡಬೇಕು?

ಮುಧೋಳದಿಂದ ಅಕ್ಕನ ಮಗಳು ಫೋನ್ ಮಾಡಿದಾಗ ಅಳುತ್ತಿದ್ದಳು. ಎರಡೂವರೆ ತಿಂಗಳು, ಮೊದಲ ಸ್ಕ್ಯಾನ್. ಮಗು ಚೆನ್ನಾಗಿದೆ, ಆದರೆ ಬಲಗಡೆ ಅಂಡಾಶಯದಲ್ಲಿ 8 ಸೆಂ.ಮೀ. ಸಿಸ್ಟ್, ಅಂದರೆ ಚೀಲದಂಥ ಗಂಟು. ಗಾತ್ರ ಹೆಚ್ಚುಕಡಿಮೆ ಒಂದು ದಾಳಿಂಬೆ ಹಣ್ಣಿನಷ್ಟು. ಮನೆಯಲ್ಲಿ ಆಗಲೇ ‘ಗಡ್ಡೆ’ ಅಂತ ಸುದ್ದಿಯಾಗಿ, ಅವರತ್ತೆ ಯಲ್ಲಮ್ಮನಿಗೆ ಹರಕೆ ಹೊತ್ತಾಗಿತ್ತು. ಹರಕೆ ಇರಲಿ, ಮೊದಲು ರಿಪೋರ್ಟ್ ಓದು ಅಂದೆ.

ಅಳತೆ ನೋಡಿ ಗಾಬರಿಯಾಗುವ ಮೊದಲು ಅದರ ಪಕ್ಕ ಏನು ಬರೆದಿದ್ದಾರೆ ನೋಡಿ. ‘ಸಿಂಪಲ್’ ಅಂದರೆ ತೆಳು ಗೋಡೆಯ, ಒಳಗೆ ಬರೀ ನೀರಿರುವ ಚೀಲ. ‘ಕಾರ್ಪಸ್ ಲೂಟಿಯಂ’ ಅಂತಿದ್ದರೆ ಅದು ಅಂಡಾಣು ಹೊರಬಿದ್ದ ಜಾಗದಲ್ಲೇ ಆಗುವಂಥದ್ದು; ಮಾಸು ಬೆಳೆದು ಕೆಲಸ ಶುರು ಮಾಡುವವರೆಗೆ ಬಸಿರು ನಿಲ್ಲಿಸುವ ಪ್ರೊಜೆಸ್ಟರಾನ್ ಹಾರ್ಮೋನ್ ಅಲ್ಲಿಂದಲೇ ಬರುತ್ತದೆ. ಇಂಥವು ಬಹಳಷ್ಟು 14–16 ವಾರದೊಳಗೆ ತಾವಾಗಿಯೇ ಕರಗುತ್ತವೆ. ‘ಡರ್ಮಾಯ್ಡ್’ ಕರಗುವುದಿಲ್ಲ. ಅದರೊಳಗೆ ಕೊಬ್ಬು, ಕೂದಲು, ಒಮ್ಮೊಮ್ಮೆ ಹಲ್ಲೂ ಇರುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ? ಆದರೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ‘ಸಾಲಿಡ್’ (ಗಟ್ಟಿ) ಭಾಗ ಇದೆ, ಹೊಟ್ಟೆಯಲ್ಲಿ ನೀರು ತುಂಬಿದೆ ಅಂತ ಬರೆದಿದ್ದರೆ ಮಾತ್ರ ತಡ ಮಾಡದೆ ದೊಡ್ಡ ದವಾಖಾನೆಗೆ ಹೋಗಿ. ಅಂಡಾಶಯದ ಕ್ಯಾನ್ಸರ್ ಅನುಮಾನವಿದ್ದಾಗ ಮಾಡಿಸುವ ಸಿಎ-125 ರಕ್ತಪರೀಕ್ಷೆ ಒಂದನ್ನೇ ನೋಡಿ ಹೆದರಬೇಡಿ, ಬಸುರಿಯರಲ್ಲಿ ಅದು ಹಾಗೆಯೇ ಏರಿರಬಹುದು.

ಆಮೇಲಿನ ಕೆಲಸ ಕಾಯುವುದು. ಡಾಕ್ಟರ್ ಹೇಳಿದ ದಿನಕ್ಕೆ, ಸಾಮಾನ್ಯವಾಗಿ ನಾಲ್ಕನೇ ತಿಂಗಳಿಗೆ, ಮತ್ತೆ ಸ್ಕ್ಯಾನ್ ಮಾಡಿಸಿ. ಹಳೇ ರಿಪೋರ್ಟ್ ಜೊತೆಗಿರಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಗಂಟು ಕರಗಲಿ ಅಂತ ಹೊಟ್ಟೆ ತಿಕ್ಕಿಸುವುದು, ನಾಟಿ ಔಷಧಿ ಕುಡಿಯುವುದು ಖಂಡಿತ ಬೇಡ.

ಕಾಯುವಾಗ ಒಂದು ವಿಷಯ ಮನೆಯವರಿಗೆಲ್ಲ ಗೊತ್ತಿರಬೇಕು. ದೊಡ್ಡ ಸಿಸ್ಟಿನ ಭಾರಕ್ಕೆ ಅಂಡಾಶಯ ತಿರುಚಿಕೊಂಡು ಅದಕ್ಕೆ ರಕ್ತ ಹೋಗುವುದೇ ನಿಲ್ಲಬಹುದು. ಹಾಗಾದರೆ ಇದ್ದಕ್ಕಿದ್ದಂತೆ ಒಂದೇ ಮಗ್ಗುಲಿಗೆ ತಡೆಯಲಾರದ ನೋವು ಬರುತ್ತದೆ, ಜೊತೆಗೆ ವಾಂತಿ. ಬಸುರಿ ಅಂದಮೇಲೆ ವಾಂತಿ ಇದ್ದದ್ದೇ ಅಂತ ಸೋಡಾ ಕುಡಿಸಿ ಮಲಗಿಸುವುದು ನಮ್ಮ ಕಡೆ ಜಾಸ್ತಿ. ಹಾಗೆ ಮಾಡಬೇಡಿ. ಕೆಲವೇ ತಾಸುಗಳಲ್ಲಿ ಆಪರೇಷನ್ ಆದರೆ ಅಂಡಾಶಯ ಉಳಿಯುವ ಸಾಧ್ಯತೆ ಹೆಚ್ಚು. 108ಕ್ಕೆ ಫೋನ್ ಮಾಡಿ. ತಲೆಸುತ್ತು, ರಕ್ತಸ್ರಾವ ಇದ್ದರೂ ಅಷ್ಟೇ. ದಾರಿಯಲ್ಲಿ ಏನೂ ತಿನ್ನಿಸಬೇಡಿ.

ನಾಲ್ಕನೇ ತಿಂಗಳಾದರೂ ಕರಗದೆ ಬೆಳೆಯುತ್ತಿದ್ದರೆ, 10 ಸೆಂ.ಮೀ. ದಾಟಿದ್ದರೆ ಅಥವಾ ಅನುಮಾನ ಹುಟ್ಟಿಸುವಂತಿದ್ದರೆ ಡಾಕ್ಟರ್ ಆಪರೇಷನ್ ಹೇಳಬಹುದು. ನಾಲ್ಕು-ಐದನೇ ತಿಂಗಳು ಇದಕ್ಕೆ ಒಳ್ಳೆಯ ಸಮಯ: ಆಗ ಹಾರ್ಮೋನಿನ ಕೆಲಸ ಮಾಸು ವಹಿಸಿಕೊಂಡಿರುತ್ತದೆ, ಗರ್ಭಕೋಶವೂ ಜಾಸ್ತಿ ದೊಡ್ಡದಾಗಿರುವುದಿಲ್ಲ. ಸಣ್ಣ ರಂಧ್ರದ ಲ್ಯಾಪರೋಸ್ಕೋಪಿ ಸಾಧ್ಯವೇ ಅಂತ ಕೇಳಿ. ಸಿಸ್ಟ್ ಇದೆ ಅಂದಮಾತ್ರಕ್ಕೆ ಸಿಸೇರಿಯನ್ ಆಗಲೇಬೇಕು ಅಂತಿಲ್ಲ. ಅದು ಮಗು ಬರುವ ದಾರಿಗೆ ಅಡ್ಡ ಕೂತಿದ್ದರೆ ಬೇಕಾಗುತ್ತದೆ.

ಕುಬಸ ಮುಗಿಸಿ ತವರಿಗೆ ಹೊರಟಾಗ ತಾಯಿ ಕಾರ್ಡ್ ಜೊತೆ ಎಲ್ಲ ಸ್ಕ್ಯಾನ್ ರಿಪೋರ್ಟ್ ಕಟ್ಟಿಕೊಳ್ಳಿ, ಅಲ್ಲಿಯ ಡಾಕ್ಟರಿಗೆ ಈ ಕತೆ ಗೊತ್ತಿರುವುದಿಲ್ಲ. ಹೆರಿಗೆಯಾದ ಮೇಲೂ ಅಂಡಾಶಯ ತಿರುಚಬಹುದು, ಬಾಣಂತಿ ನೋವು ಅಂತ ಸುಮ್ನೆ ಬಿಡಬೇಡಿ. ಸಿಸ್ಟ್ ಉಳಿದಿದ್ದರೆ, ಆರು ವಾರಕ್ಕೆ ಮಗುವಿನ ಲಸಿಕೆಗೆ ಹೋದಾಗಲೇ ತಾಯಿಯ ಸ್ಕ್ಯಾನನ್ನೂ ಮುಗಿಸಿಕೊಂಡು ಬನ್ನಿ.