ಫೋರ್ಥ್ ಸೀಟಿನ ನಗೆ

ಬೆಂಗಳೂರಿನ ವಾರಪತ್ರಿಕೆಯಲ್ಲಿ ನನ್ನ ಮೊದಲ ವ್ಯಂಗ್ಯಚಿತ್ರ ಬಂದಾಗ ನನಗೇ ಅದರ ಗುರುತು ಸಿಗಲಿಲ್ಲ. 1976ರ ಮಾತು. ಮುಂಬೈಯ ಮಾಟುಂಗಾದಲ್ಲಿ ಮಾವನ ಹೋಟೆಲಿನ ಮೇಲಿನ ಖೋಲಿಯಲ್ಲಿ ಕೂತು, ಇಂಡಿಯನ್ ಇಂಕಿಗೆ ನೀರು ಬೆರೆಸಿ ಚೆಂದವಾಗಿ ಬೂದು ನೆರಳು ಕೊಟ್ಟಿದ್ದೆ. ಅಚ್ಚಿನಲ್ಲಿ ಅದು ಬರೀ ಕಪ್ಪು ಮುದ್ದೆ. ಆಗ ಸತುವಿನ ಬ್ಲಾಕ್ ಮಾಡಿಸಿ ಚಿತ್ರ ಅಚ್ಚು ಹಾಕುತ್ತಿದ್ದರು. ಲೈನ್ ಬ್ಲಾಕಿಗೆ ಕಪ್ಪು ಗೊತ್ತು, ಬಿಳಿ ಗೊತ್ತು, ನಡುವಿನದು ಗೊತ್ತಿಲ್ಲ. ಸಂಪಾದಕರ ಕಾರ್ಡು ಬಂತು: "ಗೆರೆ ಮಾತ್ರ ಕಳಿಸಿ."

ಅಲ್ಲಿಂದ ನೆರಳು ಬೇಕಾದರೆ ಅಡ್ಡಗೆರೆ, ಅದರ ಮೇಲೆ ಓರೆಗೆರೆ. ಅಚ್ಚಾಗುವ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯುತ್ತಿದ್ದೆ. ಕುಗ್ಗಿಸಿದಾಗ ಕೈನಡುಕ ಕಾಣುವುದಿಲ್ಲ. ಆದರೆ ಒತ್ತಾಗಿ ಎಳೆದ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೇ ಗೆರೆ ಕಮ್ಮಿ ಮಾಡಿದೆ. ಜನ ಅದನ್ನು ನನ್ನ ಶೈಲಿ ಅಂದರು!

ಮಳೆಗಾಲದಲ್ಲಿ ಇನ್ನೊಂದು ಕಾಟ. ಹಾಳೆ ತೇವ ಕುಡಿದು ಇಂಕು ಹರಡುತ್ತಿತ್ತು. ಹಾಳೆಗಳನ್ನು ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದೆ. ಕೆಲವು ಚಿತ್ರ ದೋಸೆ ವಾಸನೆಯ ಸಮೇತ ಬೆಂಗಳೂರಿಗೆ ಹೋಗಿವೆ.

ಮುಂಬೈಯಲ್ಲಿ ಕಾರ್ಟೂನು ಬರೆಯುವ ಕನ್ನಡದವನ ಕಣ್ಣು ಆರ್.ಕೆ. ಲಕ್ಷ್ಮಣ್ ಕಡೆಗೆ ಹೋಗದೆ ಇರುತ್ತದಾ? ಮೈಸೂರಿನವರು. 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ 1951ರಿಂದ ಅವರ 'ಯು ಸೆಡ್ ಇಟ್' ಕಾರ್ಟೂನು ಬರುತ್ತಿತ್ತು. ಅದರಲ್ಲಿ ಚೌಕಳಿ ಕೋಟು, ಧೋತರದ ಮುದುಕ 'ಕಾಮನ್ ಮ್ಯಾನ್' ತುಟಿ ಬಿಚ್ಚದೆ ಎಲ್ಲ ನೋಡುತ್ತಿದ್ದ. ನಾನೂ ಮಂತ್ರಿಗಳ ಬೆನ್ನು ಬಿದ್ದೆ. ದಿನಪತ್ರಿಕೆಯವರು ಇವತ್ತು ಬರೆದದ್ದು ನಾಳೆ ಚಹಾದ ಹೊತ್ತಿಗೆ ಓದುಗರ ಕೈಯಲ್ಲಿರುತ್ತದೆ. ನನ್ನದು ಟಪಾಲಿನಲ್ಲಿ ಹೋಗಿ, ಬ್ಲಾಕಾಗಿ, ಅಂಗಡಿಗೆ ಬರಲು ಎರಡು ವಾರ. ಒಂದು ಸಲ ಚಿತ್ರ ಬರುವಷ್ಟರಲ್ಲಿ ಮಂತ್ರಿಯ ಕುರ್ಚಿಯೇ ಹೋಗಿತ್ತು. ಹುಳಿ ಬಂದ ಹಿಟ್ಟಾದರೂ ದೋಸೆಗಾಗುತ್ತದೆ, ಇದು ಯಾತಕ್ಕೂ ಆಗಲಿಲ್ಲ.

ಆಮೇಲೆ ಸುತ್ತಲಿನದನ್ನೇ ಹಿಡಿದೆ. ಚಾಳಿನ, ಅಂದರೆ ವಠಾರದ, ನಳದ ಮುಂದೆ ಬಕೆಟ್ಟುಗಳ ಸಾಲು, ಲೋಕಲ್ ರೈಲಿನ ಫೋರ್ಥ್ ಸೀಟು. ಮೂವರ ಬೆಂಚಿನಲ್ಲಿ ನಾಲ್ಕನೆಯವನು ಅರ್ಧ ಕುಂಡೆ ಊರುತ್ತಾನಲ್ಲ, ಅದು. ಅದರ ಮೇಲೊಂದು ಚಿತ್ರ ಬರೆದೆ: ಮದುವೆ ಮಂಟಪದಲ್ಲಿ ವಧೂವರರು ಕೂತಿದ್ದಾರೆ. ಮುಂಬೈಯಿಂದ ಬಂದ ಚಿಕ್ಕಪ್ಪ ಬ್ಯಾಗು ಹಿಡಿದು "ಸ್ವಲ್ಪ ಸರೀರಿ" ಅನ್ನುತ್ತಾನೆ. ನನಗಂತೂ ಬರೆಯುವಾಗಲೇ ನಗು. ಸಂಪಾದಕರು ವಾಪಸ್ ಕಳಿಸಿದರು: "ಇಲ್ಲಿಯವರಿಗೆ ಅರ್ಥವಾಗಲ್ಲ." ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿ. ಧಾರವಾಡದ ಓದುಗರಿಗೆ ಫೋರ್ಥ್ ಸೀಟು ಹೇಗೆ ಗೊತ್ತಿರಬೇಕು? ಚಿತ್ರವನ್ನು ಎರಡು ಚೌಕಟ್ಟು ಮಾಡಿದೆ. ಮೊದಲನೆಯದರಲ್ಲಿ ರೈಲು, ಎರಡನೆಯದರಲ್ಲಿ ಮಂಟಪ. ಚಿಕ್ಕಪ್ಪನ ಕೂರುವ ಭಂಗಿ ಎರಡರಲ್ಲೂ ಒಂದೇ.

ಅಚ್ಚಾದ ಮೇಲೆ ಮಾವ ಅದನ್ನು ಗಲ್ಲಾದ ಹಿಂದೆ ಅಂಟಿಸಿದರು. ಕನ್ನಡ ಓದಲು ಬಾರದ ಗಿರಾಕಿಗಳೂ ಬಿಲ್ಲು ಕೊಡುತ್ತಾ ನಗುತ್ತಿದ್ದರು. ಈಗಲೂ ಚಿತ್ರ ಮುಗಿದ ಮೇಲೆ ಮಾತಿನ ಸಾಲು ಮುಚ್ಚಿ ಹೆಂಡತಿಗೆ ತೋರಿಸುತ್ತೇನೆ. "ಇದರಲ್ಲೇನಿದೆ?" ಅಂದಳೋ, ಆ ಹಾಳೆಯ ಹಿಂಬದಿ ಹಾಲಿನ ಲೆಕ್ಕಕ್ಕೆ.