ದಿನಾ ಓಡಿಸುವ ಕಾರನ್ನು 30 ಮಿಮೀ ತಗ್ಗಿಸಿದೆ: ಏನು ಹಾಕಿದೆ, ಯಾಕೆ ಹಾಕಿದೆ

ಟೈರಿಗೂ ಫೆಂಡರ್‌ಗೂ ನಡುವೆ ಇಡೀ ಮುಷ್ಟಿ ತೂರುವಷ್ಟು ಸಂದಿದ್ದರೆ, ಕಾರು ಗಿಡ್ಡ ಪ್ಯಾಂಟು ಹಾಕಿಕೊಂಡ ಹಾಗೆ ಕಾಣುತ್ತದೆ. ನಾನು ಕಾರು ತಗ್ಗಿಸಿದ್ದು ಮುಖ್ಯವಾಗಿ ನೋಟಕ್ಕೇ. ತಿರುವಿನಲ್ಲಿ ಸ್ವಲ್ಪ ಬಿಗಿಯಾಗಿ ನಡೆದರೆ ಅದು ಲಾಭ, ಅಷ್ಟೇ. ಆದರೆ ದಿನಾ ಕೆಲಸಕ್ಕೆ ಹೋಗುವುದೂ ಇದೇ ಕಾರಲ್ಲಿ. ಹಿಂದಿನ ಸೀಟಿನಲ್ಲಿ ವಯಸ್ಸಾದವರು ಕೂರುತ್ತಾರೆ. ಡಿಕ್ಕಿ ತುಂಬಿಸಿಕೊಂಡು ದೂರ ಹೋಗುವುದೂ ಇದೆ. ಹಾಗಾಗಿ ಯಾವ ಸ್ಪ್ರಿಂಗ್ ಎಂದು ನೋಡುವ ಮುಂಚೆ ಟೇಪ್ ಹಿಡಿದು ಕಾರಿನ ಕೆಳಗೆ ಬಗ್ಗಿದೆ.

ಎಷ್ಟು ತಗ್ಗಿಸಬಹುದು ಎನ್ನುವುದನ್ನು ಫೆಂಡರ್ ಸಂದು ನೋಡಿ ತೀರ್ಮಾನಿಸುವವರೇ ಜಾಸ್ತಿ. ನಿಜವಾಗಿ ಅದನ್ನು ಹೇಳುವುದು ಶಾಕ್ ಅಬ್ಸಾರ್ಬರ್. ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗ ಮುಂದಿನ ಸ್ಟ್ರಟ್‌ನ (ಶಾಕ್, ಸ್ಪ್ರಿಂಗ್ ಒಟ್ಟಿಗೆ ಸೇರಿದ ಜೋಡಣೆ) ಧೂಳಿನ ರಬ್ಬರ್ ಕವರ್ ಮೇಲೆತ್ತಿ ನೋಡಿ. ಶಾಕ್‌ನ ಬಾಯಿಗೂ ಮೇಲಿನ ಬಂಪ್ ಸ್ಟಾಪರ್‌ನ (ಚಕ್ರ ಇನ್ನೂ ಮೇಲೆ ಬರದಂತೆ ತಡೆಯುವ ಮೆತ್ತೆ) ತುದಿಗೂ ನಡುವೆ ಹೊಳೆಯುವ ರಾಡ್ ಒಂದಿಷ್ಟು ಕಾಣುತ್ತದೆ. ಗುಂಡಿಗೆ ಬಿದ್ದಾಗ, ಹಂಪ್ ಹತ್ತಿದಾಗ ಚಕ್ರ ಆರಾಮಾಗಿ ಮೇಲೆ ಬರಲು ಇರುವ ಜಾಗ ಅದೇ. ನನ್ನ ಕಾರಿನಲ್ಲಿ ಅದು 38 ಮಿಮೀ ಇತ್ತು. ಇದರಲ್ಲಿರುವ ಮ್ಯಾಕ್‌ಫರ್ಸನ್ ಬಗೆಯ ಸ್ಟ್ರಟ್‌ನಲ್ಲಿ ಚಕ್ರ ಎಷ್ಟು ಮೇಲೆ ಬರುತ್ತದೋ ರಾಡ್ ಕೂಡ ಹೆಚ್ಚುಕಮ್ಮಿ ಅಷ್ಟೇ ಒಳಗೆ ಹೋಗುತ್ತದೆ. ಅಂದರೆ ಇದೇ ಶಾಕ್ ಇಟ್ಟುಕೊಂಡು 40 ಮಿಮೀ ತಗ್ಗಿಸಿದರೆ ಕಾರು ನಿಂತಲ್ಲೇ ಸ್ಟಾಪರ್ ಮೇಲೆ ಕೂತುಬಿಡುತ್ತದೆ. ಆಮೇಲೆ ಸ್ಪ್ರಿಂಗ್ ಎಷ್ಟು ಮೆತ್ತಗಿದ್ದರೂ ಸವಾರಿ ಗಟ್ಟಿಯೇ.

ಆ ರಾಡ್‌ಗೆ ಒಂದು ಸಣ್ಣ ಕೇಬಲ್ ಟೈ ಬಿಗಿದೆ. ಕೈಯಲ್ಲಿ ದೂಡಿದರೆ ಜಾರಬೇಕು, ತಾನಾಗಿ ಜಾರಬಾರದು, ಅಷ್ಟು ಬಿಗಿ. ರಬ್ಬರ್ ಕವರ್ ಮೇಲಕ್ಕೆ ಕಟ್ಟಿಟ್ಟು, ದಿನಾ ಹೋಗುವ ದಾರಿಯಲ್ಲೇ ಹೋಗಿ ಬಂದೆ. ಶಾಕ್‌ನ ಬಾಯಿ ಟೈಯನ್ನು ಎಲ್ಲಿಯವರೆಗೆ ದೂಡಿದೆಯೋ ಚಕ್ರ ಅಲ್ಲಿಯವರೆಗೆ ಮೇಲೆ ಬಂದಿದೆ ಎಂದರ್ಥ. ನನ್ನ ಟೈ ಹೋಗಿ ಸ್ಟಾಪರ್‌ಗೆ ಅಂಟಿಕೊಂಡಿತ್ತು. ಕಂಪನಿ ಎತ್ತರದಲ್ಲೇ ಇರುವ ಜಾಗವೆಲ್ಲ ಬಳಕೆಯಾಗುತ್ತಿದೆ! ಇನ್ನು ತಗ್ಗಿಸಬೇಕಾದರೆ ಕಳೆದ ಜಾಗವನ್ನು ಬೇರೆ ಕಡೆಯಿಂದ ತರಬೇಕು. ನಾನು ಆಮೇಲೆ ಆರಿಸಿದ್ದೆಲ್ಲ ಈ ಒಂದು ಲೆಕ್ಕದ ಮೇಲೆಯೇ.

ಸ್ಪ್ರಿಂಗ್ ಕತ್ತರಿಸುವ ದಾರಿಯನ್ನು ಶುರುವಿನಲ್ಲೇ ಬಿಟ್ಟೆ. ಸುರುಳಿ ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಕೆಲಸ ಮಾಡುವ 6 ಸುರುಳಿಯಲ್ಲಿ ಒಂದನ್ನು ತೆಗೆದರೆ 20% ಗಟ್ಟಿ. ಅದು ಬೇಕಾದರೆ ಸಹಿಸಬಹುದು. ತೊಂದರೆ ಇರುವುದು ತುದಿಯಲ್ಲಿ. ಸ್ಪ್ರಿಂಗ್‌ನ ಕೊನೆಯ ಸುರುಳಿ ಅದರ ಬಟ್ಟಲಿನಲ್ಲಿ ಸರಿಯಾಗಿ ಕೂರುವ ಹಾಗೆ ಬಾಗಿಸಿರುತ್ತಾರೆ. ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಚಕ್ರ ಗಾಳಿಯಲ್ಲಿ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ಗ್ಯಾಸ್ ಟಾರ್ಚ್‌ನಲ್ಲಿ ಕತ್ತರಿಸಿದರಂತೂ ಉಕ್ಕಿನ ಟೆಂಪರ್ (ಹದ) ಹೋಗುತ್ತದೆ. ಇಂಥದ್ದನ್ನು ಹಾಕಿಕೊಂಡು ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುವ ಧೈರ್ಯ ನನಗಿಲ್ಲ.

ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಬದಲು ಗಾಳಿ ಚೀಲ, ನೋಡಲು ಚಂದ. ನಿಲ್ಲಿಸಿದಾಗ ನೆಲಕ್ಕೆ, ಓಡುವಾಗ ಮೇಲಕ್ಕೆ. ಆದರೆ ಕಂಪ್ರೆಸರ್, ಟ್ಯಾಂಕ್, ವಾಲ್ವ್, ಪೈಪ್ ಎಲ್ಲ ಸೇರಿ ಡಿಕ್ಕಿಯಲ್ಲಿ ಸಾಮಾನಿಗೆ ಜಾಗವಿಲ್ಲ. ಎಲ್ಲೋ ಒಂದು ಜಾಯಿಂಟ್ ಸೋರಿದರೆ ಬೆಳಿಗ್ಗೆ ಎದ್ದು ಅದನ್ನೇ ಹುಡುಕುತ್ತಾ ಕೂರಬೇಕು. ಅದು ಎರಡನೇ ಕಾರು ಇರುವವರಿಗೆ.

ಉಳಿದಿದ್ದು ಕಾಯ್ಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕ್ ಸೆಟ್) ಮತ್ತು ಲೋವರಿಂಗ್ ಸ್ಪ್ರಿಂಗ್ (ಕಾರು ತಗ್ಗಿಸಲೆಂದೇ ಮಾಡಿದ ಗಿಡ್ಡ ಸ್ಪ್ರಿಂಗ್). ಇಲ್ಲಿ ಸ್ವಲ್ಪ ಲೆಕ್ಕ ಹಾಕಿದ್ದು ಒಳ್ಳೆಯದಾಯಿತು. ನನ್ನ ಕಾರಿನ ಮುಂದಿನ ಒಂದೊಂದು ಮೂಲೆಯ ಸ್ಪ್ರಿಂಗ್ ಹೊರುವ ಭಾರ ಸುಮಾರು 300 ಕೆಜಿ. ಕಂಪನಿ ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಲು 2.2 ಕೆಜಿ ಬೇಕು. ಈ ಎರಡು ಅಂಕಿಯಿಂದ ಬಾಡಿ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂದು ತೆಗೆಯಬಹುದು. ನನಗೆ ಬಂದಿದ್ದು ಸುಮಾರು 1.35. ಸಾಮಾನ್ಯ ಕಾರುಗಳು 1ರಿಂದ 1.5ರ ಒಳಗೆ ಇರುತ್ತವೆ, ಮೈಗೆ ಹಿತವಾಗಿರುವುದೂ ಅಷ್ಟರಲ್ಲೇ. ನಾನು ನೋಡುತ್ತಿದ್ದ ಲೋವರಿಂಗ್ ಸ್ಪ್ರಿಂಗ್ 2.8 ಕೆಜಿ. ಅದು 1.5ಕ್ಕೆ ಬರುತ್ತದೆ. ಕಮ್ಮಿ ಬೆಲೆಯ ಕಾಯ್ಲೋವರ್ ಸೆಟ್‌ಗಳಲ್ಲಿ 5 ಕೆಜಿ ಸ್ಪ್ರಿಂಗ್ ಸಿಗುವುದು ಮಾಮೂಲು. ಹಾಕಿದರೆ 2ಕ್ಕೆ ಹೋಗುತ್ತದೆ. ನುಣುಪಾದ ಟ್ರ್ಯಾಕ್‌ನಲ್ಲಿ ಅದು ಚೆನ್ನ. ಹಿಂದೆ ಕೂತವರ ಸೊಂಟಕ್ಕೆ ಚೆನ್ನಲ್ಲ.

ಸ್ಪ್ರಿಂಗ್ ಗಟ್ಟಿಯಾದರೆ ಶಾಕ್ ಕೂಡ ಅದಕ್ಕೆ ತಕ್ಕಷ್ಟು ಹಿಡಿಯಬೇಕು. ಕಾರು ಮೊದಲಿನ ಹಾಗೇ ಒಂದೇ ಏಟಿಗೆ ಸುಮ್ಮನಾಗಬೇಕೆಂದರೆ 2.8 ಕೆಜಿ ಸ್ಪ್ರಿಂಗ್‌ಗೆ ಸುಮಾರು 13% ಜಾಸ್ತಿ ಡ್ಯಾಂಪಿಂಗ್ (ಕುಣಿತ ತಡೆಯುವ ಶಾಕ್‌ನ ಹಿಡಿತ) ಬೇಕು, 5 ಕೆಜಿಗೆ 50%. ಹೊಸ ಕಂಪನಿ ಶಾಕ್ 13% ಅನ್ನು ಹೇಗೋ ನಿಭಾಯಿಸಬಹುದು. ಆದರೆ ಬಹಳ ಓಡಿ ಸವೆದ ಶಾಕ್ ಮೇಲೆ ಬರೀ ಸ್ಪ್ರಿಂಗ್ ಬದಲಾಯಿಸಿದರೆ ಕಾರು ಒಂದು ಏಟಿಗೆ ಮೂರು ಸಲ ಕುಣಿಯುತ್ತದೆ. ಜನ ಆಗ ಸ್ಪ್ರಿಂಗ್ ಬೈಯುತ್ತಾರೆ. ಪಾಪ, ತಪ್ಪು ಅದರದ್ದಲ್ಲ.

ಕಾಯ್ಲೋವರ್‌ನ ದೊಡ್ಡ ಆಕರ್ಷಣೆ ಎತ್ತರ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದು ಎನ್ನುವುದು. ದಿನಾ ಓಡಿಸುವವರು ಅದನ್ನು ಎಷ್ಟು ಸಲ ತಿರುಗಿಸುತ್ತಾರೆ ಹೇಳಿ? ಒಂದು ಸಲ ಸೆಟ್ ಮಾಡುತ್ತಾರೆ, ಆಮೇಲೆ ಥ್ರೆಡ್‌ಗೆ ಕೆಸರು ಹತ್ತಿ, ತುಕ್ಕು ಹಿಡಿದು, ರಿಂಗ್ ಅಲ್ಲಾಡುವುದಿಲ್ಲ. ಕೆಡಬ್ಲ್ಯೂ ಥರದ ಕಾಯ್ಲೋವರ್ ಕಂಪನಿಯವರು ಸ್ಟೇನ್‌ಲೆಸ್ ಸ್ಟೀಲ್ ಬಾಡಿ ಕೊಡುವುದು ಇದಕ್ಕೇ. ಇನ್ನೊಂದು ವಿಷಯ. ಸ್ಪ್ರಿಂಗ್ ಕೆಳಗಿನ ರಿಂಗ್ ಇಳಿಸಿ ತಗ್ಗಿಸುವ ಬಗೆಯಲ್ಲಿ, ಇಳಿಸಿದಷ್ಟೂ ರಾಡ್‌ನ ಜಾಗ ತಿಂದುಹೋಗುತ್ತದೆ. ಕೆಳಗಿನ ಬ್ರ್ಯಾಕೆಟ್ ಬೇರೆಯಾಗಿದ್ದು, ಇಡೀ ಶಾಕ್‌ನ ಉದ್ದವೇ ಬದಲಾಗುವ ಬಗೆಯಲ್ಲಿ ಹಾಗಾಗುವುದಿಲ್ಲ. ನೀವು ಕಾಯ್ಲೋವರ್ ತಗೊಳ್ಳುವುದಾದರೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಡ್ಯಾಂಪಿಂಗ್ ಹೊಂದಿಸಲು ಎಷ್ಟು ಕ್ಲಿಕ್ ಇದೆ ಎನ್ನುವುದು ಆಮೇಲೆ.

ಕೊನೆಗೆ ಆರಿಸಿದ್ದು 30 ಮಿಮೀ ತಗ್ಗಿಸುವ ಸ್ಪ್ರಿಂಗ್, ಜೊತೆಗೆ ತಗ್ಗಿಸಿದ ಕಾರಿಗೆಂದೇ ಮಾಡಿದ ಗಿಡ್ಡ ಶಾಕ್. ಬಿಲ್‌ಸ್ಟೈನ್ ಕಂಪನಿಯ ಶಾಕ್‌ಗಳಲ್ಲಿ ಬಿ6 ಅಂದರೆ ಮಾಮೂಲು ಎತ್ತರದ ಕಾರಿಗೆ, ಬಿ8 ಅಂದರೆ ಅದೇ ಥರದ್ದು ಗಿಡ್ಡ ಮಾಡಿದ್ದು. ಬಿ8 ಜೊತೆ ಐಬಾಕ್ ಕಂಪನಿಯ ಸ್ಪ್ರಿಂಗ್ ಸೇರಿಸಿದ ಸೆಟ್‌ಗೆ ಬಿ12 ಎನ್ನುತ್ತಾರೆ. ಬೇರೆ ಕಂಪನಿಗಳಲ್ಲೂ ಇದೇ ಥರದ ಜೋಡಿ ಸಿಗುತ್ತದೆ. ನಾನು ನೋಡಿದ್ದು ಹೆಸರಿಗಿಂತ ಬಾಡಿಯ ಉದ್ದ. ನನಗೆ ಸಿಕ್ಕಿದ ಶಾಕ್‌ನ ಬಾಡಿ ಕಂಪನಿಯದ್ದಕ್ಕಿಂತ 20 ಮಿಮೀ ಗಿಡ್ಡ. ಅಂದರೆ 38ರಲ್ಲಿ 30 ಕಳೆದು 8 ಉಳಿಯಬೇಕಿದ್ದ ಜಾಗ 28 ಆಯಿತು. ಸ್ಟಾಪರ್ ಕೂಡ ಫೋಮ್‌ನಂಥ ಪಾಲಿಯುರೆಥೇನ್‌ನದ್ದು. ಗಟ್ಟಿ ರಬ್ಬರ್ ಹಾಗೆ ಧಡ್ ಎನ್ನದೆ ನಿಧಾನವಾಗಿ ಒತ್ತಿಕೊಳ್ಳುತ್ತದೆ.

ಬಿಚ್ಚಿದ ಮೇಲೆ ಹಳೆಯ ಟಾಪ್ ಮೌಂಟ್ (ಸ್ಟ್ರಟ್‌ನ ತಲೆಯನ್ನು ಬಾಡಿಗೆ ಸೇರಿಸುವ ಭಾಗ) ಮತ್ತು ಅದರ ಬೇರಿಂಗ್ ವಾಪಸ್ ಹಾಕಬೇಡಿ. ಅವು ಸವೆದರೆ ಅದೇ ಕೆಲಸಕ್ಕೆ ಮತ್ತೆ ಇಡೀ ಸ್ಟ್ರಟ್ ಇಳಿಸಬೇಕಾಗುತ್ತದೆ. ನಾನು ಧೂಳಿನ ಕವರ್, ಸ್ಟೆಬಿಲೈಸರ್ ಲಿಂಕ್, ಒಂದೇ ಸಲ ಬಳಸುವ ನಟ್‌ಗಳನ್ನೂ ಹೊಸದಾಗಿ ತರಿಸಿದೆ. ಶಾಕ್‌ನ ರಾಡ್ ತಿರುಗದ ಹಾಗೆ ಅಲೆನ್ ಕೀಯಲ್ಲಿ ಹಿಡಿದು, ಮೇಲಿನ ನಟ್ ಕೈಯಲ್ಲೇ ಬಿಗಿದೆ. ಇಂಪ್ಯಾಕ್ಟ್ ಗನ್ ಹಾಕಿದರೆ ರಾಡ್ ಗರಗರ ತಿರುಗಿ ಒಳಗಿನ ಸೀಲ್ ಹಾಳಾಗಬಹುದು. ಪ್ಲೈಯರ್‌ನಲ್ಲಿ ರಾಡ್ ಹಿಡಿದರೆ ಇನ್ನೂ ಕೆಟ್ಟದ್ದು. ಆ ಹೊಳಪಿನ ಮೇಲೆ ಒಂದು ಗೀರು ಬಿದ್ದರೂ ಎಣ್ಣೆ ಸೋರಲು ಶುರು. ಸ್ಪ್ರಿಂಗ್ ಕಂಪ್ರೆಸರ್ ಬಳಸುವಾಗ ಎರಡು ಕಡೆ ಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕುಗ್ಗಿಸಿದ ಸ್ಪ್ರಿಂಗ್‌ನ ತುದಿಗೆ ಮುಖ ಕೊಟ್ಟು ನಿಲ್ಲಲೇಬಾರದು.

ಯಾರೂ ಅಷ್ಟಾಗಿ ಹೇಳದ ವಿಷಯ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ತೋಳು) ಬುಷ್‌ನದ್ದು. ಅದರ ರಬ್ಬರ್ ಒಳಗಿನ ಲೋಹದ ಕೊಳವೆಗೂ ಹೊರಗಿನ ಕವಚಕ್ಕೂ ಅಂಟಿಕೊಂಡಿರುತ್ತದೆ. ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಹಳೆಯ ಎತ್ತರದಲ್ಲಿ ಬಿಗಿದ ಬೋಲ್ಟ್ ಹಾಗೇ ಬಿಟ್ಟು ಕಾರು ತಗ್ಗಿಸಿದರೆ, ಕಾರು ಸುಮ್ನೆ ನಿಂತಿದ್ದರೂ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ. ನಾನು ಬೋಲ್ಟ್‌ಗಳನ್ನು ಸಡಿಲ ಮಾಡಿ, ಕಾರಿನ ಪೂರ್ತಿ ಭಾರ ಚಕ್ರದ ಮೇಲೆ ಬಿಟ್ಟು, ಒಂದೆರಡು ಸಲ ಒತ್ತಿ ಕುಲುಕಿಸಿ, ಆ ಎತ್ತರದಲ್ಲೇ ಟಾರ್ಕ್ ರೆಂಚ್‌ನಲ್ಲಿ ಬಿಗಿದೆ. ಕಾರು ಹತ್ತಿಸುವ ರ‍್ಯಾಂಪ್ ಇದ್ದರೆ ಈ ಕೆಲಸ ಸುಲಭ.

ಎತ್ತರ ಅಳೆಯುವಾಗ ನೆಲದಿಂದ ಅಳೆಯಬೇಡಿ. ಟೈರಿನ ಗಾಳಿ ಬದಲಾದರೂ ಅಂಕಿ ಬದಲಾಗುತ್ತದೆ. ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ.

ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ. ಕೆಲಸ ಮುಗಿದ ಕೂಡಲೇ ಒಂದು, ಸ್ಪ್ರಿಂಗ್ ಕೂತ ಮೇಲೆ ಇನ್ನೊಂದು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ; ಮೈನಸ್ ಅಂದರೆ ಮೇಲ್ತುದಿ ಒಳಕ್ಕೆ) ಮೈನಸ್ ಅರ್ಧ ಡಿಗ್ರಿಯಿಂದ ಮೈನಸ್ ಒಂದರ ಹತ್ತಿರ ಬಂದಿತ್ತು, ಅದನ್ನು ಹಾಗೇ ಬಿಟ್ಟೆ. ಟೈರ್ ತಿನ್ನುವುದು ಕ್ಯಾಂಬರ್ ಎಂದು ಎಲ್ಲರೂ ಹೆದರಿಸುತ್ತಾರೆ. ಇಷ್ಟು ಸಣ್ಣ ಕ್ಯಾಂಬರ್‌ಗಿಂತ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ತಪ್ಪಿದರೆ ಟೈರ್ ಬೇಗ ಹೋಗುತ್ತದೆ. ಸ್ಟೀರಿಂಗ್‌ನ ಟೈ ರಾಡ್ ಮತ್ತು ಲೋವರ್ ಆರ್ಮ್‌ನ ಕೋನ ಬದಲಾಗುವುದರಿಂದ ಟೋ ಬದಲಾಗಿಯೇ ಇರುತ್ತದೆ. ಅದನ್ನು ಕಂಪನಿ ಅಳತೆಗೆ ತಂದೆ.

30ಕ್ಕೇ ನಿಲ್ಲಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೇ ಲೋವರ್ ಆರ್ಮ್. ಮೊದಲು ಅದು ಚಕ್ರದ ಕಡೆ ಸ್ವಲ್ಪ ಕೆಳಕ್ಕೆ ವಾಲಿತ್ತು, ಈಗ ನೆಲಕ್ಕೆ ಸಮವಾಗಿದೆ. ಇನ್ನೂ ತಗ್ಗಿಸಿದರೆ ಚಕ್ರದ ಕಡೆ ಮೇಲಕ್ಕೆ ವಾಲುತ್ತದೆ. ಆಗ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರು ತಗ್ಗಿದ್ದಕ್ಕಿಂತ ಜಾಸ್ತಿ ಕೆಳಗಿಳಿದು, ತಿರುವಿನಲ್ಲಿ ಬಾಡಿ ವಾಲಿಸುವ ಬಲವೇ ಹೆಚ್ಚುತ್ತದೆ. ಕಾರು ತಗ್ಗಿಸಿ, ಅದು ವಾಲದಿರಲಿ ಎಂದು ಮತ್ತೆ ಗಟ್ಟಿ ಸ್ಪ್ರಿಂಗ್ ಹುಡುಕುವುದು ಯಾಕೆ ಅಲ್ವಾ?

ಹಿಂದುಗಡೆಯ ಪರೀಕ್ಷೆ ಖಾಲಿ ಕಾರಿನಲ್ಲಿ ಮಾಡಲಿಲ್ಲ. ಮೂವರನ್ನು ಹಿಂದೆ ಕೂರಿಸಿ, ಡಿಕ್ಕಿ ತುಂಬಿಸಿ, ಹಿಂದಿನ ಶಾಕ್‌ಗೂ ಕೇಬಲ್ ಟೈ ಕಟ್ಟಿ ಓಡಿಸಿದೆ. ಟೈ ಸ್ಟಾಪರ್ ಮುಟ್ಟಿತ್ತು, ಆದರೆ ಹಂಪ್ ಮೇಲೆ ಧಡ್ ಎನ್ನುವ ಏಟು ಕೂತವರಿಗೆ ಗೊತ್ತಾಗಲಿಲ್ಲ. ಮುಂದಿನ ಟೈ ಕೂಡ ಮೊದಲಿನ ಹಾಗೇ ಸ್ಟಾಪರ್‌ವರೆಗೆ ಹೋಗಿತ್ತು. ಉದ್ದ ಹಂಪ್‌ಗಳನ್ನು ಈಗ ಸ್ವಲ್ಪ ಓರೆಯಾಗಿ ಹತ್ತಿಸುತ್ತೇನೆ, ಹೊಟ್ಟೆ ತಾಗುವುದಿಲ್ಲ.

ಹೆಡ್‌ಲೈಟ್ ಎತ್ತರ ತಾನೇ ಹೊಂದಿಸಿಕೊಳ್ಳುವ ಕಾರಾಗಿದ್ದರೆ ಒಂದು ಕೆಲಸ ಬಾಕಿ ಇರುತ್ತದೆ. ಸಸ್ಪೆನ್ಷನ್ ಆರ್ಮ್‌ಗೆ ಜೋಡಿಸಿದ ಅದರ ಸೆನ್ಸರ್, ತಗ್ಗಿದ ಕಾರನ್ನು ಭಾರ ಹೊತ್ತ ಕಾರು ಎಂದುಕೊಂಡು ಬೆಳಕಿನ ದಿಕ್ಕು ಬದಲಿಸಬಹುದು. ಸ್ಕ್ಯಾನರ್‌ನಲ್ಲಿ ಹೊಸ ಎತ್ತರವನ್ನು ಸೊನ್ನೆ ಎಂದು ಕಲಿಸಿಬಿಡಿ. ಅಲೈನ್‌ಮೆಂಟ್‌ಗೆ ಹೋದ ದಿನವೇ ಅದೂ ಮುಗಿಯುತ್ತದೆ.