ಡಯಾಲಿಸಿಸ್ ವಾರ್ಡಿನಲ್ಲಿ ಕೀರ್ತನೆಗಳು

ನನ್ನ ಗಂಡನ ಕಿಡ್ನಿ ಕೆಟ್ಟಾಗಿನಿಂದ "ಇಷ್ಟೆಲ್ಲ ಹೆಂಗ ತಡಕೊಂಡ್ರಿ?" ಎಂದು ಕೇಳಿದವರಿಗೆಲ್ಲ ನಾನು "ದೇವರು ನಡೆಸಿದರು" ಎಂದೇ ಹೇಳುತ್ತೇನೆ. ಅದು ನಿಜ. ಆದರೆ ಇವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಫೈಲು ಹಿಡಿದು ಕೂತಿರುವ ಹೆಣ್ಣುಮಗಳಿಗೆ ಅಷ್ಟು ಹೇಳಿದರೆ ಏನು ಸಿಕ್ಕೀತು? ಹೇಗೆ ನಡೆಸಿದರು, ಬೆಳಗ್ಗೆ ಎದ್ದು ನಾವು ಏನು ಮಾಡಿದೆವು, ಯಾರು ಬಂದರು, ಯಾವ ಮಾತನ್ನು ಹಿಡಿದುಕೊಂಡೆವು, ಅದನ್ನೂ ಹೇಳಬೇಕಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಗದಗದ ಬೆಟಗೇರಿ. ನಮ್ಮ ಮನೆಯವರು ಪವರ್‌ಲೂಮ್ ಮೇಲೆ ಸೀರೆ ನೇಯುತ್ತಿದ್ದರು. ಅವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಕಿಡ್ನಿ ಕೆಡುವುದಕ್ಕೆ ಮುಖ್ಯ ಕಾರಣ ಇವೆರಡೇ ಎಂದು ಡಾಕ್ಟರು ಆಮೇಲೆ ಹೇಳಿದರು. ಕಾಲು ಬಾತುಕೊಂಡಿತು, ಊಟ ಸೇರದಾಯಿತು, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ರಕ್ತ ಪರೀಕ್ಷೆ ನೋಡಿದ ಡಾಕ್ಟರು ಡಯಾಲಿಸಿಸ್, ಅಂದರೆ ಕಿಡ್ನಿಯ ಬದಲು ಮಷೀನಿನಿಂದ ರಕ್ತ ಶುದ್ಧ ಮಾಡುವುದು, ಶುರು ಮಾಡಲೇಬೇಕು ಎಂದರು. ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ತಾಸು. ಎಷ್ಟು ದಿನ ಅಂತ ಕೇಳಿದೆ. "ಕಿಡ್ನಿ ಕಸಿ ಆಗೋ ತನಕ. ಆಗದಿದ್ರೆ ಜೀವ ಇರೋ ತನಕ" ಎಂದರು.

ನಾನು ಹುಟ್ಟಿನಿಂದ ಕ್ರೈಸ್ತ ಸಭೆಯಲ್ಲೇ ಬೆಳೆದವಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ ಕೆಲಸ ಶುರು ಮಾಡಿದರು. ಅಲ್ಲಿಂದ ನಮ್ಮ ಕಡೆಗೂ ಬಂದರು. ನಮ್ಮ ಮನೆತನ ಆ ಕಾಲದಿಂದ ಕ್ರೈಸ್ತರದು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಂಗೀತ, ಸತ್ಯವೇದದ (ಬೈಬಲಿನ) ಒಂದು ಭಾಗ, ಪ್ರಾರ್ಥನೆ. ಅದೆಲ್ಲ ಉಸಿರಾಡಿದಷ್ಟು ಸಲೀಸಾಗಿತ್ತು. ಡಯಾಲಿಸಿಸ್ ಶುರುವಾದ ಮೇಲೆ ಮೊಣಕಾಲೂರಿದರೆ ಬಾಯಿಗೆ ಒಂದು ಮಾತೂ ಬರಲಿಲ್ಲ. "ಕರ್ತನೇ" ಎಂದು ಸುಮ್ನೆ ಕೂತುಬಿಡುತ್ತಿದ್ದೆ.

ನಮ್ಮ ಸಭೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ನಾವೆಲ್ಲ ಅಕ್ಕಾರು ಅಂತ ಕರೆಯುತ್ತೇವೆ. ಒಂದು ದಿನ ಮನೆಗೆ ಬಂದರು. ಅವರಿಗೆ ಎಲ್ಲ ಹೇಳಿದೆ. "ಪ್ರಾರ್ಥನಾ ಬರವಲ್ತು ಅಕ್ಕಾರ" ಎಂದೆ.

"ನಿನ್ನ ಮಾತು ಬರದಿದ್ರ ಇನ್ನೊಬ್ಬರ ಮಾತು ತಗೋ ತಂಗಿ. ಅದಕ್ಕ ಅಲ್ಲೇನು ಕೀರ್ತನೆಗಳು ಇರೋದು?" ಎಂದರು. ಕೀರ್ತನೆಗಳು ಅಂದರೆ ಸತ್ಯವೇದದಲ್ಲಿರುವ ಪ್ರಾರ್ಥನೆಯ ಹಾಡುಗಳು. ನನ್ನ ಸತ್ಯವೇದ ತೆಗೆದು 13, 22, 69, 88 ಈ ನಾಲ್ಕು ಕೀರ್ತನೆಗಳಿಗೆ ಕಾಗದದ ಚೂರು ಇಟ್ಟುಹೋದರು.

ಚಿಕ್ಕಂದಿನಿಂದ ನಾನು ಬಾಯಿಪಾಠ ಮಾಡಿದ್ದು 23, 91, 121. ಕುರುಬ, ಕೋಟೆ, ಬೆಟ್ಟ. ಅಕ್ಕಾರು ಗುರುತು ಹಾಕಿದ್ದು ಬೇರೆಯೇ ಥರ. 13ನೆಯದು "ಎಷ್ಟರ ತನಕ, ಇನ್ನೂ ಎಷ್ಟರ ತನಕ" ಎಂದು ದೇವರನ್ನೇ ಕೇಳುತ್ತದೆ. ನಾನು ಡಾಕ್ಟರನ್ನು ಕೇಳಿದ್ದೂ ಅದನ್ನೇ. 22ನೆಯದು ಯಾಕೆ ಕೈಬಿಟ್ಟೆ ಎಂದು ಶುರುವಾಗುತ್ತದೆ. ಯೇಸು ಶಿಲುಬೆಯ ಮೇಲೆ ಕೂಗಿದ್ದು ಅದರ ಮೊದಲ ಮಾತನ್ನೇ. 88ನೆಯದಕ್ಕೆ ಸಮಾಧಾನದ ಕೊನೆಯೇ ಇಲ್ಲ, ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ. ಇಂಥದ್ದನ್ನೂ ದೇವರ ವಾಕ್ಯ ಎಂದು ಉಳಿಸಿಕೊಂಡು ಬಂದಿದ್ದಾರಲ್ಲ ಎಂದು ನನಗೆ ಎದೆ ತುಂಬಿ ಬಂತು. ದೇವರ ಮುಂದೆ ಹೀಗೂ ಮಾತಾಡಬಹುದು. ಮಾತಾಡಿದವರನ್ನು ಆತ ಹೊರಗೆ ಹಾಕಲಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಇಂಥ ಗೋಳಿನವೇ.

ಅಲ್ಲಿಂದ ಒಂದು ಪದ್ಧತಿ ಮಾಡಿಕೊಂಡೆ. ಡಯಾಲಿಸಿಸ್ ಇರುವ ದಿನ ಒಂದೇ ಕೀರ್ತನೆ. ಮಷೀನಿಗೆ ಹಾಕಿದ ಮೇಲೆ ಒಮ್ಮೆ, ನಡುವೆ ಒಮ್ಮೆ, ಸೂಜಿ ತೆಗೆಯುವ ಮುಂಚೆ ಒಮ್ಮೆ ಅದನ್ನೇ ಮೆಲ್ಲಗೆ ಓದುವುದು. ಮನಸ್ಸು ಅಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಎಷ್ಟೋ ದಿನ ಮನಸ್ಸು ಲೂಮಿನ ಸಾಲದ ಕಂತಿನ ಮೇಲೆ, ಮಗಳ ಕಾಲೇಜು ಫೀ ಮೇಲೆ ಇರುತ್ತಿತ್ತು. ಓದುವುದನ್ನು ಮಾತ್ರ ಬಿಡಲಿಲ್ಲ. ನಾಲ್ಕನೇ ತಾಸಿನಲ್ಲಿ ಅವರ ಬಿಪಿ ಇಳಿದು ಕಾಲು ಹಿಡಿದುಕೊಳ್ಳುತ್ತಿತ್ತು. ಆಗ ಪುಸ್ತಕ ಮುಚ್ಚಿ ಮೀನಖಂಡ ತಿಕ್ಕುತ್ತ, ನೆನಪಿನಲ್ಲಿ ಉಳಿದಷ್ಟನ್ನು ಹೇಳುತ್ತಿದ್ದೆ.

ಇನ್ನೊಂದು ರೂಢಿ ಆಸ್ಪತ್ರೆಯಿಂದಲೇ ಬಂತು. ಡಯಾಲಿಸಿಸ್‌ಗೆ ಸಾಮಾನ್ಯವಾಗಿ ಎಡಗೈಯಲ್ಲಿ ಫಿಸ್ಟುಲಾ ಮಾಡುತ್ತಾರೆ. ರಕ್ತದ ಎರಡು ನಾಳಗಳನ್ನು ಜೋಡಿಸುವ ಸಣ್ಣ ಆಪರೇಷನ್ ಅದು. ಬಲಿಯುವುದಕ್ಕೆ ಒಂದೂವರೆ ತಿಂಗಳೋ ಇನ್ನೂ ಜಾಸ್ತಿಯೋ ಬೇಕು. ಬಲಿತ ಮೇಲೆ ಅಲ್ಲಿ ಬೆರಳಿಟ್ಟರೆ ಚರ್ಮದ ಕೆಳಗೆ ಝುಂ ಎಂದು ನಡುಗುವುದು ಗೊತ್ತಾಗುತ್ತದೆ. ಬೆಳಗ್ಗೆ, ರಾತ್ರಿ ಮುಟ್ಟಿ ನೋಡಬೇಕು. ನಡುಕ ನಿಂತಿದ್ದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡಬಾರದು, ಇಂಜೆಕ್ಷನ್ ಚುಚ್ಚಬಾರದು, ಕೊಡ ಎತ್ತಬಾರದು. ಮುಟ್ಟಿ ನೋಡುವ ಕೆಲಸ ನನ್ನದಾಯಿತು. ಕಣ್ಣು ಬಿಟ್ಟ ಕೂಡಲೇ ಅವರ ಮೊಣಕೈ ಹತ್ತಿರ ಬೆರಳಿಡುತ್ತೇನೆ. ಝುಂ ಎಂದರೆ "ಸ್ತೋತ್ರ ಕರ್ತನೇ" ಎನ್ನುತ್ತೇನೆ. ಬೆಳಗಿನ ಪ್ರಾರ್ಥನೆ ಬಹಳ ಕಾಲ ಇಷ್ಟೇ ಆಗಿತ್ತು. ನನಗೆ ಅಷ್ಟು ಸಾಕಾಗಿತ್ತು.

ಎಲ್ಲಕ್ಕಿಂತ ಕಠಿಣವಾಗಿದ್ದು ನೀರು. ದಿನಕ್ಕೆ ಒಂದು ಲೀಟರಿಗಿಂತ ಕಡಿಮೆ. ಅದರಲ್ಲೇ ಚಹಾ, ಸಾರು, ಮಜ್ಜಿಗೆ ಎಲ್ಲ. ಬೆಳಗ್ಗೆ ಬಾಟಲಿಗೆ ಅಳೆದು ಹಾಕಿಡುತ್ತೇನೆ. ಚಹಾ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ತೆಗೆದುಬಿಡುತ್ತೇನೆ. ಎಳನೀರು, ಬಾಳೆಹಣ್ಣು ಮುಟ್ಟುವ ಹಾಗಿಲ್ಲ. ಪೊಟ್ಯಾಶಿಯಂ ಏರಿದರೆ ಎದೆಬಡಿತವೇ ನಿಲ್ಲಬಹುದು. ನಮ್ಮ ಗದಗ ಸೀಮೆಯ ಬಿಸಿಲು ಗೊತ್ತಿದ್ದವರಿಗೆ ಏಪ್ರಿಲ್ ತಿಂಗಳಲ್ಲಿ ಇದೆಂಥ ಶಿಕ್ಷೆ ಎಂದು ಗೊತ್ತಾದೀತು. ಮಂಜುಗಡ್ಡೆಯ ಚೂರು ಬಾಯಲ್ಲಿಟ್ಟುಕೊಂಡು, ನೀರು ಮುಕ್ಕಳಿಸಿ ಉಗುಳಿ ದಿನ ನೂಕುತ್ತಿದ್ದರು.

ಅಂಥ ಬಿಸಿಲಿನಲ್ಲೇ ಶುಭ ಶುಕ್ರವಾರ ಬಂತು. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಆರಾಧನೆ. ಶಿಲುಬೆಯ ಮೇಲಿನ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುತ್ತೇವೆ. ಬರಬೇಡಿ ಎಂದರೂ ನಮ್ಮ ಮನೆಯವರು ಬಂದು ಫ್ಯಾನಿನ ಕೆಳಗೆ ಕೂತರು. ಐದನೆಯ ಮಾತು, "ನನಗೆ ದಾಹವಾಗಿದೆ." ಸಭೆಯ ಪಾಲಕರಾದ ಅಯ್ಯನವರು ಅದನ್ನು ಓದಿದಾಗ ಇವರು ತಲೆ ಬಗ್ಗಿಸಿ ಅಳುತ್ತಿದ್ದರು. ಮದುವೆಯಾದಾಗಿನಿಂದ ಇವರು ಅತ್ತಿದ್ದನ್ನು ನಾನು ನೋಡಿರಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ, "ಏ, ಆತಗೂ ನೀರಡಿಕಿ ಆಗಿತ್ತು ನೋಡ" ಎಂದರು. "ಇಷ್ಟು ವರ್ಷ ಕೇಳೀನಿ, ಇವತ್ತು ತಿಳೀತು."

ಆಮೇಲೂ ನೀರಡಿಕೆ ಕಡಿಮೆಯಾಗಲಿಲ್ಲ. ಆದರೆ ಅವರು ನನ್ನ ಮೇಲೆ ರೇಗುವುದು ನಿಂತಿತು. ಗಂಟಲು ಒಣಗಿದಾಗ 69ನೇ ಕೀರ್ತನೆ ಓದು ಎನ್ನುತ್ತಾರೆ. ಅದರಲ್ಲೂ ಕೂಗಿ ಕೂಗಿ ಗಂಟಲು ಒಣಗಿದವನ ಮಾತಿದೆ. ಕಷ್ಟದಲ್ಲಿರುವವರಿಗೆ ಕ್ರಿಸ್ತನಂಬಿಕೆ ಏನು ಕೊಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ನಮ್ಮ ದೇವರು ನೀರಡಿಸಿದವನು. ನಮ್ಮ ಮನೆಯವರ ಬಾಯಿ ಒಣಗಿದಾಗ ನಾನು ಇನ್ಯಾವ ದೇವರ ಹತ್ತಿರ ಹೋಗಲಿ?

ಈ ನಡುವೆ ಬೇರೆ ಥರದವರೂ ಬಂದರು. ಒಂದು ಪ್ರಾರ್ಥನಾ ಗುಂಪಿನವರು, ನಿಮಗೆ ಪೂರ್ತಿ ನಂಬಿಕೆ ಇದ್ದರೆ ಮಷೀನು ಬಿಡಿ, ಕರ್ತನು ವಾಸಿಮಾಡುತ್ತಾನೆ ಎಂದರು. ಡಯಾಲಿಸಿಸ್ ತಪ್ಪಿಸಿದರೆ ಒಂದೆರಡು ವಾರದಲ್ಲೇ ಜೀವ ಹೋಗಬಹುದು. ಆ ಮಾತಿಗೆ ನಾನು ಜಾಗ ಕೊಡಲಿಲ್ಲ. ಯೇಸುವಿನ ಅಪೊಸ್ತಲನಾದ ಪೌಲನು ತನ್ನ ಶರೀರದ ಮುಳ್ಳಿನಂಥ ಬಾಧೆ ತೆಗೆ ಎಂದು ಮೂರು ಸಲ ಬೇಡಿದ, ತೆಗೆಯಲಿಲ್ಲ, ನನ್ನ ಕೃಪೆ ಸಾಕು ಎಂಬ ಉತ್ತರ ಬಂತು. ಅದೇ ಪೌಲನು ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದೆ ಎಂದು ತಿಮೊಥೆಯನಿಗೆ ಬರೆದಿದ್ದಾನೆ. ಅವರಿಬ್ಬರಿಗೂ ನಂಬಿಕೆ ಕಡಿಮೆಯಿತ್ತು ಎನ್ನಲಾದೀತೇ? ಸುವಾರ್ತೆ ಬರೆದ ಲೂಕನು ವೈದ್ಯನೇ. ವಾಸಿಮಾಡು ಎಂದು ನಾವೂ ದಿನಾ ಬೇಡುತ್ತೇವೆ, ಹಿರಿಯರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಿದ್ದಾರೆ. ಮರುದಿನ ಬೆಳಗ್ಗೆ ಡಯಾಲಿಸಿಸ್‌ಗೂ ಹೋಗಿದ್ದೇವೆ. ಎರಡೂ ಆತನ ಕೈಯಲ್ಲೇ ಇವೆ.

ಸಭೆಯವರು ಮಾಡಿದ್ದನ್ನು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಸರಕಾರಿ ಜಿಲ್ಲಾಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ ಎಂಬುದೇ ನಮಗೆ ಗೊತ್ತಿರಲಿಲ್ಲ. ಯುವಕ ಸಂಘದ ಹುಡುಗನೊಬ್ಬ ಕಾಗದಪತ್ರ ಜೋಡಿಸಿ, ಸಾಲಿನಲ್ಲಿ ನಿಂತು, ಆಯುಷ್ಮಾನ್ ಕಾರ್ಡ್ ಮಾಡಿಸಿಕೊಟ್ಟ. ಸ್ತ್ರೀ ಸಂಘದವರು ಊಟ ತರುತ್ತಿದ್ದರು. ಪಲ್ಯಕ್ಕೆ ತರಕಾರಿ ಹೆಚ್ಚಿ, ಬಿಸಿನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಆಮೇಲೆ ಬೇಯಿಸಬೇಕು, ಉಪ್ಪು ಕಡಿಮೆ ಹಾಕಬೇಕು ಎಂದು ಅಕ್ಕಾರು ಎಲ್ಲರಿಗೂ ಕಲಿಸಿದ್ದರು. ಮಾರ್ಕನ ಸುವಾರ್ತೆಯಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಮಾಳಿಗೆ ಕಿತ್ತು ಇಳಿಸುತ್ತಾರಲ್ಲ, ಅಲ್ಲಿ ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ನಮ್ಮನ್ನು ಹೊತ್ತವರು ರೊಟ್ಟಿ ಬುತ್ತಿ ಹಿಡಿದು ಬಂದರು.

ಈಗ ಇರುವ ಪ್ರಾರ್ಥನೆ ಬೇರೆ. ನನಗೂ ಸಕ್ಕರೆ ಇರುವುದರಿಂದ ನನ್ನ ಕಿಡ್ನಿ ಬೇಡ ಎಂದರು. ಆಸ್ಪತ್ರೆಯ ಮೂಲಕ, ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಇವರ ಹೆಸರು ನೋಂದಾಯಿಸಿದ್ದೇವೆ. ಯಾರದ್ದಾದರೂ ಮಿದುಳು ಸತ್ತು, ಮನೆಯವರು ಒಪ್ಪಿದರೆ, ರಕ್ತದ ಗುಂಪು ಹೊಂದಿದರೆ, ಸರದಿ ಬಂದರೆ ಕಿಡ್ನಿ ಸಿಗುತ್ತದೆ. ಬೇಗ ಸಿಗಲಿ ಎಂದು ಬೇಡಲು ಹೋದಾಗ ಎದೆ ಧಸಕ್ಕೆಂದಿತು. ಯಾರ ಮನೆಯಲ್ಲೋ ಸಾವಾಗಲಿ ಎಂದು ಬೇಡಿದ ಹಾಗಲ್ವಾ?

ಅಯ್ಯನವರನ್ನು ಕೇಳಿದೆ. ಅವರು ಕೂಡಲೇ ಉತ್ತರ ಕೊಡಲಿಲ್ಲ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಕರೆದು, "ಸಾವು ನೀವು ಬೇಡಿದ್ದಕ್ಕ ಬರಂಗಿಲ್ರಿ. ಅದು ಬಂದ ದಿನ ಆ ಮನಿಯವರನ್ನ ಸಂತೈಸು ಅಂತ ಈಗಿಂದನ ಬೇಡ್ರಿ" ಎಂದರು.

ಈಗ ರಾತ್ರಿ ಹಾಗೇ ಬೇಡುತ್ತೇನೆ. ಇನ್ನೂ ಗೊತ್ತಿಲ್ಲದ ಒಬ್ಬ ತಾಯಿಗಾಗಿ, ಅವಳ ಮನೆಗಾಗಿ. ನಾನು ಅಂಗದಾನಕ್ಕೆ ಹೆಸರು ಬರೆಸಿದ್ದೇನೆ, ಹದಿನೆಂಟು ತುಂಬಿದ ಮೇಲೆ ಮಗಳೂ ಬರೆಸಿದಳು, ಸಭೆಯಲ್ಲಿ ಇನ್ನೂ ಕೆಲವರು ಬರೆಸಿದ್ದಾರೆ. ಕಾರ್ಡ್ ಇದ್ದರೂ ಆ ಹೊತ್ತಿನಲ್ಲಿ ಮನೆಯವರ ಒಪ್ಪಿಗೆ ಕೇಳುತ್ತಾರೆ. ಹೆಸರು ಬರೆಸುವವರು ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಬಾಯಿಬಿಟ್ಟು ಹೇಳಿರಿ.